ಗಸಗಸೆಯ ಗಂಟು, ಮಾರ್ಸೇಲಿನ ಹಡಗು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಅಬುಧಾಬಿಗೆ ಬಂದು ಇಷ್ಟು ವರ್ಷವಾದರೂ ಪೊಲೀಸ್ ಕಾರು ಪಕ್ಕದಲ್ಲಿ ಬಂದರೆ ಏನೂ ತಪ್ಪು ಮಾಡದೆಯೇ ಬೆವರುತ್ತೇನೆ. ನನ್ನ ಕೆಲಸವೂ ಸ್ವಭಾವಕ್ಕೆ ಹೊಂದುವಂಥದ್ದೇ. ಹಡಗಿನಲ್ಲಿ ಬರುವ ಸರಕಿನ ಕಾಗದಪತ್ರ ಸರಿಯಾಗಿದೆಯೇ ಎಂದು ನೋಡಬೇಕು. ಎಲ್ಲದರ ಮೇಲೂ ಅನುಮಾನಪಡುವವನಿಗೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಕಡಿಮೆ. ಅಂಥದ್ದೊಂದು ನನಗೆ ಸಿಕ್ಕಿದೆ.

ಆ ಕೆಲಸವೇ ನನ್ನನ್ನು ಒಂದು ಚಳಿಗಾಲದಲ್ಲಿ ಕೆಲವು ವಾರಗಳ ತರಬೇತಿಗೆಂದು ಮಾರ್ಸೇಲಿಗೆ ಕಳಿಸಿತು. ಫ್ರಾನ್ಸಿನ ದಕ್ಷಿಣದ ಬಂದರು ಪಟ್ಟಣ ಅದು. ಹೊರಡುವ ಮುಂಚೆ ಆಫೀಸಿನಲ್ಲಿ ನನ್ನನ್ನು ಹೆದರಿಸದವರಿಲ್ಲ. ಅಲ್ಲಿ ಜೇಬು ಕತ್ತರಿಸುತ್ತಾರೆ, ಸಂಜೆಯಾದ ಮೇಲೆ ಹೊರಗೆ ಕಾಲಿಡಬೇಡ, ಗುಂಡು ಹಾರುತ್ತದೆ ಎಂದೆಲ್ಲ. ಮೊದಲ ವಾರ ಪಾಸ್‌ಪೋರ್ಟನ್ನು ಬನಿಯನ್ನಿನ ಒಳಗೆ ಇಟ್ಟುಕೊಂಡು ಓಡಾಡಿದೆ. ಆಮೇಲೆ ನಿಧಾನವಾಗಿ ಆ ಊರು ನನಗೆ ಹಿಡಿಸಿಬಿಟ್ಟಿತು.

ಹಿಡಿಸಿದ್ದಕ್ಕೆ ಒಂದು ಕಾರಣ ಬೊಂಬೆಗಳು. ನಾವು ಮೈಸೂರಿನವರು, ದಸರೆಗೆ ಬೊಂಬೆ ಕೂರಿಸುವವರು. ಮಾರ್ಸೇಲಿನಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಮಣ್ಣಿನ ಬೊಂಬೆಗಳದೇ ಒಂದು ಸಂತೆ ನಡೆಯುತ್ತದೆ. ಬೆರಳುದ್ದದ ಬೊಂಬೆಗಳು. ಬಾಲಯೇಸು, ಮೇರಿ ಇರುವುದು ಸರಿಯೇ, ಆದರೆ ಅವರ ಸುತ್ತ ಊರಿಗೆ ಊರೇ ಇರುತ್ತದೆ: ರೊಟ್ಟಿ ಸುಡುವವನು, ಕತ್ತಿ ಸಾಣೆ ಹಿಡಿಯುವವನು, ಮೀನು ಮಾರುವವಳು, ಕುಡಿದು ಬಿದ್ದವನು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿಸಿದಾಗ ಜನ ಮನೆಮನೆಯಲ್ಲೇ ಹೀಗೆ ಕೂರಿಸತೊಡಗಿದರಂತೆ. ವರ್ಷಕ್ಕೊಂದು ಹೊಸ ಬೊಂಬೆ ಸೇರಿಸುವುದು ಪದ್ಧತಿ. ಥೇಟ್ ನಮ್ಮ ಮನೆಯ ಹಾಗೆಯೇ. ಸೊಂಟದ ಮೇಲೆ ಕೈಯಿಟ್ಟು ನಿಂತ ಮೀನಿನವಳನ್ನು ಅಮ್ಮನಿಗೆಂದು ತಂದೆ. ಅಮ್ಮ ಅವಳನ್ನು ಮುಂದಿನ ದಸರೆಯಲ್ಲಿ ಚೆಟ್ಟಿ ಬೊಂಬೆಯ ಅಂಗಡಿಯ ಎದುರು ನಿಲ್ಲಿಸಿದಳು. "ಚೌಕಾಸಿ ಮಾಡ್ತಾ ಇದಾಳೆ, ನೋಡು" ಎಂದು ಫೋಟೋ ಕಳಿಸಿದಳು.

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಮಾರ್ಸೇಲಿನ ಒಂದೊಂದು ಕತೆ ಬೇಕಾಯಿತು. ಆ ಊರು ಹುಟ್ಟಿದ ಕತೆ ಅವಳಿಗೆ ಬಲು ಇಷ್ಟ. ಗ್ರೀಕ್ ನಾವಿಕರು ದಡಕ್ಕೆ ಬಂದ ದಿನವೇ ಅಲ್ಲಿನ ರಾಜ ಮಗಳ ಮದುವೆಗೆ ಔತಣ ಇಟ್ಟಿದ್ದನಂತೆ. ಮಗಳು ತನಗೆ ಬೇಕಾದವನ ಕೈಗೆ ನೀರಿನ ಬಟ್ಟಲು ಕೊಡಬೇಕು. ಸಾಲಾಗಿ ಕೂತ ಊರ ಗಂಡುಗಳನ್ನೆಲ್ಲ ಬಿಟ್ಟು ಅವಳು ದೋಣಿಯಿಂದ ಇಳಿದು ಬಂದ ಪರದೇಶಿಗೆ ಬಟ್ಟಲು ಕೊಟ್ಟಳು. ಆ ಮದುವೆಗೆ ಉಡುಗೊರೆಯಾಗಿ ಬಂದ ಜಾಗವೇ ಊರಾಯಿತು. "ಸ್ವಯಂವರ ಅನ್ನು! ಧೈರ್ಯ ಇತ್ತು ಹುಡುಗಿಗೆ" ಎಂದಳು ಅಮ್ಮ.

ಗುಡ್ಡದ ಮೇಲಿನ ಚರ್ಚಿನ ಕತೆಯನ್ನೂ ಹೇಳಿದೆ. ಗೋಪುರದ ತುದಿಯಲ್ಲಿ ಮಗುವನ್ನೆತ್ತಿಕೊಂಡ ಚಿನ್ನದ ಬಣ್ಣದ ತಾಯಿ. ಊರಿನವರು ಅವಳನ್ನು ಒಳ್ಳೆಯ ತಾಯಿ ಎಂದು ಕರೆಯುತ್ತಾರೆ, ದೇವರನ್ನು ನಂಬದವರೂ ಅವಳ ಮೇಲೆ ಆಣೆ ಇಡುತ್ತಾರೆ. ಒಳಗೆ ಹೋದರೆ ಚಾವಣಿಯಿಂದ ದಾರ ಕಟ್ಟಿ ಪುಟ್ಟ ಪುಟ್ಟ ಹಡಗುಗಳನ್ನು ನೇತುಹಾಕಿದ್ದಾರೆ. ಬಿರುಗಾಳಿಯಲ್ಲಿ ಬದುಕಿ ಬಂದವರು ಒಪ್ಪಿಸಿದ ಹರಕೆ ಅವು. ಆ ಹಡಗುಗಳ ಕೆಳಗೆ ನಿಂತಾಗ ನನಗೆ ಒಳ್ಳೆಯದೆನಿಸಿತು, ಲೋಕದಲ್ಲಿ ಹೆದರಿದವನು ನಾನೊಬ್ಬನೇ ಅಲ್ಲವಲ್ಲ ಎಂದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬಂದರಿನ ಬದಿಯ ಹಳೇ ಕೇರಿಯ ಜನರನ್ನೆಲ್ಲ ಹೊರಗಟ್ಟಿ, ಮನೆಗಳನ್ನು ಸಿಡಿಮದ್ದಿಟ್ಟು ಉರುಳಿಸಿದ್ದನ್ನೂ ಹೇಳಿದೆ. ಆ ಜನ ಆಮೇಲೆ ಎಲ್ಲಿಗೆ ಹೋದರು ಎಂದು ಅಮ್ಮ ಕೇಳಿದಳು.

ಒಂದು ಕತೆಯನ್ನು ಮಾತ್ರ ಹೇಳಿರಲಿಲ್ಲ, ಪ್ಲೇಗಿನದು. ಅದನ್ನು ನೆನೆಯಲು ನನಗೇ ಭಯ.

ಅಮ್ಮ ಮೊದಲ ಬಾರಿಗೆ ಅಬುಧಾಬಿಗೆ ಹೊರಟಳು. ಖಾಲಿದಿಯಾದಲ್ಲಿ ನಾನು, ಹೆಂಡತಿ, ಮಗಳು ಇರುವ ಫ್ಲಾಟಿನಲ್ಲಿ ಹೊಸ ಹಾಸಿಗೆ, ಹೊಸ ಚಪ್ಪಲಿ, ಸ್ನಾನದ ಮನೆಗೆ ಜಾರದ ಚಾಪೆ, ಎಲ್ಲ ತಯಾರಾಯಿತು. ನಾನು ದಿನಾ ಫೋನಿನಲ್ಲಿ ಎಚ್ಚರಿಕೆ ಕೊಡುತ್ತಲೇ ಇದ್ದೆ. ಉಪ್ಪಿನಕಾಯಿ ಸೋರುತ್ತದೆ, ಬೇಡ. ಮಾತ್ರೆಗೆ ಡಾಕ್ಟರ ಚೀಟಿ ಇಟ್ಟುಕೊ. ಗಸಗಸೆ ಮಾತ್ರ ಬೇಡವೇ ಬೇಡ. ಊರಿನಲ್ಲಿ ಅದು ಪಾಯಸದ ಸಾಮಾನು, ಇಲ್ಲಿ ಅಫೀಮಿನ ಗಿಡದ ಬೀಜ. ಮಾದಕ ವಸ್ತುಗಳ ಸಾಲಿನಲ್ಲಿ ಸೇರಿಸಿ ನಿಷೇಧಿಸಿದ್ದಾರೆ. ಈ ದೇಶಕ್ಕೆ ಬಂದ ಕನ್ನಡಿಗನಿಗೆ ಯಾರಾದರೂ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಅದು. ನನಗಂತೂ ಅದು ಎಷ್ಟು ಮೈಗೆ ಹತ್ತಿತ್ತೆಂದರೆ, ಮಾರ್ಸೇಲಿನ ಮಸಾಲೆ ಸಂತೆಯಲ್ಲಿ ಗಸಗಸೆಯ ಚೀಲ ಬಾಯಿ ತೆರೆದುಕೊಂಡು ಕೂತಿದ್ದನ್ನು ಕಂಡು ಎದುರಿನ ಸಾಲಿಗೆ ಹಾರಿದ್ದೆ.

"ಆಯ್ತಪ್ಪ, ಆಯ್ತು. ಹಿಂಗು ತರಬೇಡ, ಹುಣಸೆಹಣ್ಣು ತರಬೇಡ, ಗಸಗಸೆ ತರಬೇಡ. ಉಸಿರಾಡಬಹುದೋ?" ಎಂದಳು ಅಮ್ಮ. ಹಿಂಗು, ಹುಣಸೆಹಣ್ಣು ಎಂದು ನಾನು ಹೇಳಿಯೇ ಇರಲಿಲ್ಲ. ಅಥವಾ ಹೇಳಿದ್ದೆನೇನೋ. ಅಷ್ಟೊಂದು ಭಯಗಳನ್ನು ಒಟ್ಟಿಗೆ ಗುಡ್ಡೆ ಹಾಕಿದರೆ ಕೇಳುವವರಿಗೆ ಯಾವುದು ನಿಜವಾದದ್ದು ಎಂದು ಹೇಗೆ ಗೊತ್ತಾಗಬೇಕು?

ಅಮ್ಮ ಬರುವ ದಿನ ಮಧ್ಯಾಹ್ನ, ಮೈಸೂರಿನಿಂದ ತಂಗಿಯ ಫೋನು ಬಂತು. ಅವಳೇ ಅಮ್ಮನನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವಳು.

"ಅಣ್ಣ, ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ."

"ಹೇಳು."

"ಅಮ್ಮ ಗಸಗಸೆ ತಗೊಂಡಿದಾಳೆ. ಹಳೇ ಸೀರೆ ಚೂರಲ್ಲಿ ಗಂಟು ಕಟ್ಕೊಂಡು. ಮೊಮ್ಮಗಳಿಗೆ ಗಸಗಸೆ ಪಾಯಸದ ರುಚಿಯೇ ಗೊತ್ತಿಲ್ಲ, ಇದೆಂಥ ಬಾಳು ಅಂತ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ನಂಗೆ ಮನಸ್ಸು ತಡೀಲಿಲ್ಲ."

"ಈಗಲೇ ಫೋನ್ ಮಾಡು ಅವಳಿಗೆ!"

"ವಿಮಾನ ಹೊರಟಾಯ್ತಲ್ಲ ಅಣ್ಣ."

ಕುರ್ಚಿ ಹಿಡಿದುಕೊಂಡು ಕೂತೆ. ಆ ವಿಮಾನ ಅರಬ್ಬೀ ಸಮುದ್ರದ ಮೇಲೆ ನೇರವಾಗಿ ನನ್ನ ಕಡೆಗೇ ಬರುತ್ತಿದೆ, ಅದನ್ನು ತಡೆಯಲು ಯಾರಿಗೂ ಸಾಧ್ಯವಿಲ್ಲ. ಅಮ್ಮ ಕಿಟಕಿಯ ಪಕ್ಕ ಕೂತು ಮೋಡ ನೋಡುತ್ತಿರುತ್ತಾಳೆ. ಮೊಮ್ಮಗಳು ಪಾಯಸ ಚಪ್ಪರಿಸುವುದನ್ನು ನೆನೆದು ನಗುತ್ತಿರುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ ಎನ್ನುವುದನ್ನೇ ನನಗೆ ತಡೆಯಲಾಗಲಿಲ್ಲ.

ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಕೆಳಗಿನ ಮಹಡಿಯ ಗೆಳೆಯ ಬಂದ. ಉಪ್ಪಿನಂಗಡಿ ಕಡೆಯ ಬ್ಯಾರಿ, ಮುಸಫ್ಫಾದಲ್ಲಿ ಕಾರು ರಿಪೇರಿಯ ಗ್ಯಾರೇಜು ಇಟ್ಟಿದ್ದಾನೆ. ಯಾವಾಗಲೂ ನಗುವ ಮನುಷ್ಯ.

"ಎಂತ ಮಾರಾಯ್ರೆ ಮುಖ ಹೀಗೆ? ಅಮ್ಮ ಬರುವುದಲ್ವಾ? ಯಲ್ಲಾ, ಬನ್ನಿ ಬನ್ನಿ."

ಹೇಳಿದೆ. ಅವನು ಗಾಡಿಯ ಕೀಲಿ ತಿರುಗಿಸಿದವನು ಮತ್ತೆ ಆರಿಸಿದ.

"ಗಸಗಸೆಯಾ? ಯಾ ಅಲ್ಲಾಹ್." ಮತ್ತೆ ಗಾಡಿ ಶುರುಮಾಡಿದ. "ನಮ್ಮ ಉಮ್ಮ ಸಹ ಒಮ್ಮೆ ಬಿರಿಯಾನಿ ಮಸಾಲೆಗೆ ಅಂತ ಕಟ್ಟಿಟ್ಟದ್ದು. ನಾನು ಊರಲ್ಲೇ ನೋಡಿ ತೆಗೆದದ್ದು. ನೀವು ಈಗ ಹೆದರ್ಬೇಡಿ. ಪ್ರಾಯ ಆದವರು, ಗೊತ್ತಿಲ್ಲದೆ ತಂದದ್ದು ಅಂತ ನೋಡಿದ್ರೆ ಗೊತ್ತಾಗ್ತದೆ."

ಆದರೆ ದಾರಿಯುದ್ದಕ್ಕೂ ಅವನು ನಗಲಿಲ್ಲ. ರೇಡಿಯೋ ಕೂಡ ಹಾಕಲಿಲ್ಲ. ಅವನ ನಗು ನಿಂತದ್ದನ್ನು ಕಂಡು ನನ್ನ ಭಯ ಇನ್ನಷ್ಟು ಹೆಚ್ಚಿತು.

ನಿಲ್ದಾಣದಲ್ಲಿ ಹೊರಬರುವವರ ಬಾಗಿಲಿನ ಎದುರು ನಿಂತೆ. ಬೆಂಗಳೂರಿನ ವಿಮಾನ ಇಳಿಯಿತೆಂದು ಫಲಕದಲ್ಲಿ ಬಂತು. ಕಾಯುತ್ತಾ ನಿಂತವನಿಗೆ, ಬೇಡವೆಂದರೂ, ಆ ಹೇಳದ ಪ್ಲೇಗಿನ ಕತೆಯೇ ತಲೆಯಲ್ಲಿ ಸುತ್ತತೊಡಗಿತು.

ತರಬೇತಿ ಕೊಡುತ್ತಿದ್ದ ಹೆಂಗಸು ಒಂದು ದಿನ ನಮ್ಮನ್ನೆಲ್ಲ ದೋಣಿಯಲ್ಲಿ ಮಾರ್ಸೇಲಿನ ಎದುರಿನ ದ್ವೀಪಗಳಿಗೆ ಕರೆದೊಯ್ದಿದ್ದಳು. ಬಿಳಿ ಬಂಡೆ, ಗಾಳಿ, ರೋಗದ ಅನುಮಾನ ಇದ್ದವರನ್ನು ಪ್ರತ್ಯೇಕವಾಗಿಡುತ್ತಿದ್ದ ಹಳೆಯ ಆಸ್ಪತ್ರೆಯ ಕಟ್ಟಡ. ಅಲ್ಲಿ ನಿಂತು ಹೇಳಿದಳು. ಸುಮಾರು ಮುನ್ನೂರು ವರ್ಷದ ಹಿಂದೆ ಪೂರ್ವದ ಬಂದರುಗಳಿಂದ ರೇಷ್ಮೆ, ಹತ್ತಿ ತುಂಬಿಕೊಂಡು ಒಂದು ಹಡಗು ಬಂತು. ದಾರಿಯಲ್ಲೇ ಕೆಲವರು ಸತ್ತಿದ್ದರು. ಕಪ್ತಾನ ಅದನ್ನು ಮುಚ್ಚಿಡಲಿಲ್ಲ, ಹೇಳಿದ. ನಿಯಮದಂತೆ ಸರಕನ್ನು ದೂರದ ದ್ವೀಪದಲ್ಲಿ ಬಿಸಿಲಿಗೂ ಗಾಳಿಗೂ ಹರವಿ ತಿಂಗಳುಗಟ್ಟಲೆ ಇಡಬೇಕಿತ್ತು. ಆದರೆ ದೊಡ್ಡ ಜಾತ್ರೆಯೊಂದು ಹತ್ತಿರದಲ್ಲಿತ್ತು, ಸರಕಿನಲ್ಲಿ ಊರಿನ ದೊಡ್ಡವರ ಪಾಲಿತ್ತು. ನಿಯಮ ಸಡಿಲವಾಯಿತು. ಅದಕ್ಕಿಂತ ಮುಖ್ಯ, ನಾವಿಕರು ತಮ್ಮ ತಮ್ಮ ಮನೆಗೆಂದು ತಂದಿದ್ದ ಸಣ್ಣ ಸಣ್ಣ ಬಟ್ಟೆಯ ಗಂಟುಗಳು ಕಾವಲಿನವರ ಕಣ್ಣು ತಪ್ಪಿಸಿ ಊರಿನೊಳಗೆ ಹೋದವು. ಹೆಂಡತಿಗೊಂದು, ಅತ್ತೆಗೊಂದು. ಪ್ರೀತಿಯಿಂದ ತಂದವು, ಪ್ಲೇಗೂ ಅವುಗಳಲ್ಲೇ ಬಂತು. ಮೊದಲು ಸತ್ತವರು ಬಡವರ ಇಕ್ಕಟ್ಟಿನ ಕೇರಿಗಳಲ್ಲಿ. ಆಮೇಲೆ ಊರಿನ ಹತ್ತಿರ ಹತ್ತಿರ ಅರ್ಧ ಜನ. ಹೆಣ ಎಳೆಯಲು ಕೈದಿಗಳನ್ನು ಕರೆತರಬೇಕಾಯಿತು.

ತರಬೇತಿಯವಳು ಇದನ್ನು ಹೇಳಿದ್ದು ನಮಗೆ ಕಾಗದಪತ್ರದ ಬೆಲೆ ತಿಳಿಯಲಿ ಎಂದು. ನನ್ನ ಮನಸ್ಸಿನಲ್ಲಿ ಉಳಿದದ್ದು ಕಪ್ತಾನ. ಸತ್ಯ ಹೇಳಿದ್ದ ಅವನನ್ನೇ ಹಿಡಿದು ಸಮುದ್ರದ ನಡುವಿನ ಕೋಟೆಯ ಸೆರೆಗೆ ಹಾಕಿದರು. ಹಡಗನ್ನು ಸುಟ್ಟರು. ಅವನು ತಪ್ಪಿಲ್ಲದವನೆಂದು ತೀರ್ಮಾನವಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ಬಾಗಿಲಿನ ಪಕ್ಕ ಸಮವಸ್ತ್ರದ ಒಬ್ಬ ಕಾವಲುಗಾರ ನಿಂತಿದ್ದ. ಹೋಗಿ ಹೇಳಲೇ? ಸಾರ್, ನನ್ನ ತಾಯಿಯ ಬ್ಯಾಗಿನಲ್ಲಿ ಹೀಗೊಂದು ಗಂಟಿದೆ, ಅವಳಿಗೆ ತಿಳಿಯದು. ಹೇಳಿದರೆ ಒಳ್ಳೆಯದೋ, ಹೇಳದಿದ್ದರೆ ಒಳ್ಳೆಯದೋ? ಯಂತ್ರಕ್ಕೆ ಕಾಣದೆಯೂ ಹೋಗಬಹುದು. ನಾನೇ ಹೇಳಿ ಅಮ್ಮನನ್ನು ಹಿಡಿಸಿಕೊಟ್ಟಂತೆ ಆದರೆ? ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದೆ, ಕಪ್ತಾನ ನೆನಪಾಗುತ್ತಿದ್ದ, ವಾಪಸ್ ಬರುತ್ತಿದ್ದೆ. ಗೆಳೆಯ ನೀರಿನ ಬಾಟಲಿ ಕೊಟ್ಟ. ಮುಚ್ಚಳ ತೆಗೆಯಲು ನನ್ನಿಂದ ಆಗಲಿಲ್ಲ, ಅವನೇ ತೆಗೆದುಕೊಟ್ಟ.

ಜನ ಬರುತ್ತಲೇ ಇದ್ದರು. ಬೆಂಗಳೂರಿನ ಮುಖಗಳು, ಅಪ್ಪಿಕೊಳ್ಳುವವರು, ಹೂಗುಚ್ಛ. ಆಮೇಲೆ ಜನ ಕಡಿಮೆಯಾದರು. ಆಮೇಲೆ ಬಾಗಿಲು ಬಹಳ ಹೊತ್ತು ತೆರೆಯಲೇ ಇಲ್ಲ.

ಮತ್ತೆ ತೆರೆದಾಗ ಅಮ್ಮ ಬಂದಳು. ನೀಲಿ ಸೀರೆ, ಕಾಲಿಗೆ ಬೂಟು, ಟ್ರಾಲಿ ತಳ್ಳಿಕೊಂಡು. ನನ್ನನ್ನು ನೋಡಿ ನಕ್ಕಳು. ಓಡಿ ಹೋಗಿ ಅಪ್ಪಿಕೊಂಡೆ. ಅವಳ ಸೀರೆಯಿಂದ ಊರಿನ ಸೋಪಿನ ವಾಸನೆ ಬರುತ್ತಿತ್ತು. ಬದುಕಿದೆ ಎಂದುಕೊಂಡೆ.

"ಏನೋ ಇದು, ಹೀಗೆ ನಡುಗ್ತಾ ಇದೀಯ? ಜ್ವರವೇನೋ?"

"ಗಂಟೆಲ್ಲಿ?" ಎಂದೆ ಅವಳ ಕಿವಿಯಲ್ಲಿ.

"ಅಯ್ಯೋ, ಅವಳು ಹೇಳೇ ಬಿಟ್ಲಾ? ಬಾಯಲ್ಲಿ ಮಾತು ನಿಲ್ಲಲ್ಲ." ಅಮ್ಮ ಹಿಂದಕ್ಕೆ ತಿರುಗಿ ಬಾಗಿಲಿನತ್ತ ನೋಡಿದಳು. "ಬೆಂಗಳೂರಲ್ಲಿ ತೂಕ ಜಾಸ್ತಿ ಆಯ್ತು ಕಣೋ, ಏನಾದ್ರೂ ತೆಗೀರಿ ಅಂದ್ರು. ಹಿಂದೆ ನಿಂತಿದ್ದೋರು, ಪಾಪ, ಹಾವೇರಿ ಕಡೆಯೋರು, ಇಲ್ಲಿ ಮುಸಫ್ಫಾದಲ್ಲಿ ವೆಲ್ಡಿಂಗ್ ಕೆಲಸವಂತೆ. ಕೊಡ್ರಿ ಅವ್ವಾರ, ನನ್ನ ಚೀಲದಾಗ ಜಾಗ ಐತಿ ಅಂದ್ರು. ಚಟ್ನಿಪುಡಿ, ಆ ಗಂಟು, ಎಲ್ಲಾ ಅವರ ಬ್ಯಾಗಲ್ಲಿದೆ. ಹೊರಗೆ ಕೊಡ್ತೀನಿ ಅಂದಿದಾರೆ. ಹಿಂದೇನೇ ಬರ್ತಾ ಇದ್ರು, ಅಷ್ಟರಲ್ಲಿ ಯಾರೋ ಪಕ್ಕಕ್ಕೆ ಕರೆದ್ರು. ಬಾ, ಇಲ್ಲೇ ಕಾಯೋಣ."

ನನಗೆ ಎಲ್ಲ ಅರ್ಥವಾಯಿತು. ಗಲ್ಫಿನವರು ಊರಿಂದ ಬರುವಾಗ ಒಬ್ಬರ ಸಾಮಾನು ಇನ್ನೊಬ್ಬರು ತರುವುದು ಇದ್ದದ್ದೇ. ತರಬಾರದೆಂದು ಎಲ್ಲರಿಗೂ ಗೊತ್ತು, ಎಲ್ಲರೂ ತರುತ್ತಾರೆ. ಅದರಲ್ಲೂ ವಯಸ್ಸಾದ ಹೆಂಗಸು ಕೊಟ್ಟದ್ದನ್ನು ಬಿಚ್ಚಿ ತೋರಿಸಿ ಎಂದು ಕೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ, ಅದು ಅವಮಾನ. ಆತ ಇಲ್ಲಿ ವರ್ಷಗಟ್ಟಲೆ ದುಡಿದವನಾಗಿದ್ದರೆ ಗಸಗಸೆಯ ವಿಚಾರ ನನ್ನಷ್ಟೇ ಅವನಿಗೂ ಗೊತ್ತಿರುತ್ತದೆ. ಆದರೆ ಅವನು ಕೇಳಿರುವುದಿಲ್ಲ.

"ಅಮ್ಮ, ಅವರನ್ನ ಹಿಡಿದಿದ್ದಾರೆ. ಗಸಗಸೆಗೆ ಇಲ್ಲಿ ಜೈಲು. ನಾನು ಹೇಳಿರಲಿಲ್ವಾ?"

ಅಮ್ಮನ ನಗು ಹೋಯಿತು. "ಜೈಲಾ? ಬರೀ ಗಸಗಸೆಗಾ?"

"ಹೌದು."

ನನ್ನ ಒಳಗೆ ಒಂದು ಸಣ್ಣ ದನಿ ಲೆಕ್ಕ ಹಾಕುತ್ತಿತ್ತು. ಅಮ್ಮ ಹೊರಗಿದ್ದಾಳೆ, ಅವಳ ಬ್ಯಾಗಿನಲ್ಲಿ ಏನೂ ಇಲ್ಲ, ಕಾರು ಹತ್ತಿರವೇ ಇದೆ. ಆ ದನಿ ಮಾತು ಮುಗಿಸುವ ಮುಂಚೆಯೇ ಅಮ್ಮ ಟ್ರಾಲಿಯನ್ನು ಗೆಳೆಯನ ಕೈಗೆ ಕೊಟ್ಟು ಕಾವಲುಗಾರನ ಮುಂದೆ ಹೋಗಿ ನಿಂತಿದ್ದಳು. ಹೊರಗೆ ಬಂದವರು ಮತ್ತೆ ಒಳಗೆ ಹೋಗುವಂತಿಲ್ಲ ಎಂದು ಆತ ಕೈ ಅಡ್ಡ ಹಿಡಿದ. ಅಮ್ಮ ಕನ್ನಡದಲ್ಲೇ ಹೇಳುತ್ತಿದ್ದಳು. ನಾನು ಹಿಂದೆ ಓಡಿ ಇಂಗ್ಲಿಷಿನಲ್ಲಿ ತೊದಲಿದೆ. ಒಳಗೆ ಒಬ್ಬರನ್ನು ನಿಲ್ಲಿಸಿಕೊಂಡಿದ್ದೀರಿ, ಆ ಸಾಮಾನಿನ ಬಗ್ಗೆ ನಮ್ಮ ತಾಯಿ ಮಾತಾಡಬೇಕು ಎಂದೆ. ಅವನು ವೈರ್‌ಲೆಸ್ಸಿನಲ್ಲಿ ಏನೋ ಕೇಳಿದ. ಸ್ವಲ್ಪ ಹೊತ್ತಿಗೆ ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದರು. ಅವಳ ಭಾಷೆ ಬಲ್ಲವನೆಂದು ನನ್ನನ್ನು ಜೊತೆಗೆ ಬಿಟ್ಟರು.

ಸಣ್ಣ ಕೋಣೆ, ಬಿಳಿ ಮೇಜು. ಮೇಜಿನ ಮೇಲೆ ಅಮ್ಮನ ಹಳೆಯ ಹಸಿರು ಸೀರೆಯ ಚೂರು ಬಿಚ್ಚಿಕೊಂಡು ಬಿದ್ದಿತ್ತು. ನಡುವೆ ಒಂದು ಹಿಡಿಯಷ್ಟು ಗಸಗಸೆ. ಗೋಡೆಯ ಪಕ್ಕ ಆ ಮನುಷ್ಯ ನಿಂತಿದ್ದ. ಐವತ್ತರ ಹತ್ತಿರದವನು, ಹೊಸ ಅಂಗಿ, ಕಂಕುಳು ಪೂರ್ತಿ ಒದ್ದೆ. ಅಮ್ಮನನ್ನು ನೋಡಿ ಅವನಿಗೆ ಸಂತೋಷವಾಗಲಿಲ್ಲ, ಗಾಬರಿಯಾಯಿತು.

"ನೀವ್ ಯಾಕ್ ವಾಪಸ್ ಬಂದ್ರಿ ಅವ್ವಾರ?" ಎಂದ.

ಮೇಜಿನ ಹಿಂದೆ ಅಧಿಕಾರಿ ಹೆಂಗಸು ಕೂತಿದ್ದಳು. ವಯಸ್ಸು ನನಗಿಂತ ಕಡಿಮೆ, ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಅಮ್ಮ ಅವಳ ಕಣ್ಣನ್ನೇ ನೋಡುತ್ತ ಹೇಳಿದಳು.

"ಆ ಗಂಟು ನಂದು. ಇವರಿಗೆ ಅದ್ರಲ್ಲಿ ಏನಿದೆ ಅಂತ್ಲೂ ಗೊತ್ತಿಲ್ಲ. ಹಿಡಿಯೋದಾದ್ರೆ ನನ್ನ ಹಿಡೀರಿ."

ಅಧಿಕಾರಿ ನನ್ನತ್ತ ತಿರುಗಿದಳು. "ವಾಟ್ ಈಸ್ ಶೀ ಸೇಯಿಂಗ್?"

ಅಮ್ಮ ಹೇಳಿದ್ದು ಮೂರು ಮಾತು. ಮೊದಲನೆಯ ಮಾತು ಹೇಳಬಹುದು. ಎರಡನೆಯದೂ ಹೇಳಬಹುದು. ಮೂರನೆಯದನ್ನು ಬಿಟ್ಟರೆ ಅಧಿಕಾರಿಗೆ ತಿಳಿಯುವುದಿಲ್ಲ. ಅಮ್ಮನಿಗೂ ತಿಳಿಯುವುದಿಲ್ಲ, ಅವಳಿಗೆ ಇಂಗ್ಲಿಷು ಅಷ್ಟು ಬಾರದು. ಅಥವಾ ಮೊದಲನೆಯದನ್ನೇ ಸ್ವಲ್ಪ ತಿರುಗಿಸಿ, ಯಾರೋ ಕೊಟ್ಟದ್ದು, ನೆನಪಿಲ್ಲವಂತೆ, ಎಂದರೆ? ಗೋಡೆಯ ಪಕ್ಕದ ಮನುಷ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅವನ ಬದುಕು ಪೂರ್ತಿ ನನ್ನ ನಾಲಿಗೆಯ ಮೇಲಿತ್ತು, ನನ್ನ ಅಮ್ಮನದೂ. ಇಷ್ಟು ಭಯ ನಾನು ಹಿಂದೆಂದೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ.

ಮೂರನ್ನೂ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಅಧಿಕಾರಿ ಬಹಳ ಪ್ರಶ್ನೆ ಕೇಳಿದಳು. ಇದು ಏನು, ಎಲ್ಲಿ ಕೊಂಡದ್ದು, ಯಾತಕ್ಕೆ. ಅಮ್ಮ ಪಾಯಸ ಮಾಡುವ ಬಗೆಯನ್ನೇ ಹೇಳತೊಡಗಿದಳು. ಹುರಿದು, ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿ, ಏಲಕ್ಕಿ. ನಾನು ಒಂದೊಂದನ್ನೂ ಇಂಗ್ಲಿಷಿಗೆ ತಂದೆ. ಆ ಕೋಣೆಯಲ್ಲಿ ಪಾಯಸದ ಮಾತು ಎಷ್ಟು ಭಯಂಕರವಾಗಿತ್ತು ಎಂದು ಹೇಳಲಾರೆ. ಅಧಿಕಾರಿ ಎದ್ದು ಒಳಗೆ ಹೋದಳು. ಅವಳು ಬರುವವರೆಗೆ ಹಾವೇರಿಯವನ ತುಟಿ ಅಲ್ಲಾಡುತ್ತಲೇ ಇತ್ತು. ಯಾವ ದೇವರನ್ನು ಕರೆಯುತ್ತಿದ್ದನೋ.

ಅವಳು ಹಿರಿಯನೊಬ್ಬನ ಜೊತೆ ಬಂದಳು. ಆತ ಗಸಗಸೆಯನ್ನು ನೋಡಿದ, ಅಮ್ಮನನ್ನು ನೋಡಿದ, ಅರಬ್ಬಿಯಲ್ಲಿ ಏನೋ ಹೇಳಿದ. ಗಂಟನ್ನು ಒಂದು ಚೀಲಕ್ಕೆ ಹಾಕಿ ಮೊಹರು ಒತ್ತಿದರು. ಮೂವರ ಕೈಯಲ್ಲೂ ಸಹಿ ಮಾಡಿಸಿಕೊಂಡರು. ಇನ್ನೊಮ್ಮೆ ಹೀಗಾದರೆ ಇಷ್ಟಕ್ಕೆ ಮುಗಿಯುವುದಿಲ್ಲ ಎಂದಳು ಅವಳು, ನನ್ನ ಕಡೆ ನೋಡಿ. "ಖಲಾಸ್" ಎಂದು ಆ ಹಿರಿಯ ಬಾಗಿಲು ತೋರಿಸಿದ.

ಹೊರಗೆ ಬಂದ ಮೇಲೆ ಅಮ್ಮ ಆ ಮನುಷ್ಯನಿಗೆ ಕೈಮುಗಿದಳು. ಅವನು ಅವಳ ಕೈ ಹಿಡಿದು ಬಿಡಿಸಿದ. ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಅವಳಿಗೆ ಕೊಟ್ಟು, "ಇದೊಂದು ಉಳೀತ್ರಿ" ಎಂದ. ಕಂಪನಿಯ ಬಸ್ಸು ಯಾವಾಗಲೋ ಹೋಗಿಬಿಟ್ಟಿತ್ತು. ಗೆಳೆಯ ಅವನನ್ನೂ ಕಾರಿಗೆ ಹತ್ತಿಸಿಕೊಂಡು ಮುಸಫ್ಫಾದ ಅವನ ಲೇಬರ್ ಕ್ಯಾಂಪಿನ ಬಾಗಿಲಿಗೇ ಬಿಟ್ಟ. ಅಲ್ಲಿಯವರೆಗೂ ಆತ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ.

ಅವನು ಇಳಿದ ಮೇಲೆ ಹಿಂದಿನ ಸೀಟಿನಲ್ಲಿ ಅಮ್ಮ ನನ್ನ ಪಕ್ಕಕ್ಕೆ ಸರಿದಳು.

"ನಾನು ಹೇಳಿದ್ದನ್ನ ಅಷ್ಟನ್ನೂ ಹೇಳಿದೆ ತಾನೆ?" ಎಂದು ಕೇಳಿದಳು. "ಏನೂ ಬಿಡಲಿಲ್ಲ ತಾನೆ?"

"ಎಲ್ಲಾ ಹೇಳಿದೆ ಅಮ್ಮ."

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೆಳೆಯನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಜೈಲಿಗೆ ಹಾಕ್ತಾರೆ ಅಂತ ನಂಗೆ ಅಷ್ಟು ಹೆದರಿಕೆ ಆಗ್ಲಿಲ್ಲ ಕಣೋ. ನೀನು ಹೇಳದೆ ಬಿಟ್ಬಿಡ್ತೀಯೇನೋ ಅಂತ್ಲೇ ಹೆದರಿದ್ದೆ."